ತರಗೆಲೆಗೆ ಬೆಂಕಿ ಬೇಡ

ಶಿವರಾತ್ರಿಯ ಆಸುಪಾಸಿನಲ್ಲಿ ಜಯನಗರ, ಬನಶಂಕರಿಯ ರಸ್ತೆಬದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡ್ಡೆ ಹಾಕಿದ ತರಗೆಲೆಗೆ ಕಡ್ಡಿ ಗೀರುವ ಚಾಳಿ ಹಳೆಯದು. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತು.

ಸುಡದೆ ಬಿಟ್ಟರೆ ಎಲೆ ಏನಾಗುತ್ತದೆ? ಬ್ಯಾಕ್ಟೀರಿಯಾಗಳಿಗೂ ಶಿಲೀಂಧ್ರಗಳಿಗೂ, ಅಂದರೆ ಬೂಷ್ಟಿಗೂ, ಊಟವಾಗುತ್ತದೆ. ಇವಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಕಿಣ್ವಗಳನ್ನು ಎಲೆಯ ಮೇಲೆ ಸುರಿಸಿ, ಹೊರಗೇ ಜೀರ್ಣಿಸಿ, ಕರಗಿದ ಸಾರವನ್ನು ಹೀರಿಕೊಳ್ಳುತ್ತವೆ. ಸಕ್ಕರೆ, ಪಿಷ್ಟದಂಥ ಮೆದು ತುತ್ತು ಮೊದಲು ಮುಗಿಯುತ್ತದೆ. ಎಲೆಗೆ ಬಿಗಿ ಕೊಡುವ ಲಿಗ್ನಿನ್ ಅನ್ನು ಮುರಿಯುವುದು ಮುಖ್ಯವಾಗಿ ಶಿಲೀಂಧ್ರಗಳ ಕೆಲಸ. ಈ ದುಡಿಮೆಯ ಕಾವಿಗೆ ದೊಡ್ಡ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುವುದುಂಟು.

ರಾಶಿಯಲ್ಲಿ ಹಿಂಡಿದ ಬಟ್ಟೆಯಷ್ಟು ಪಸೆ ಇರಬೇಕು. ಆಗಾಗ ಮಗುಚಬೇಕು, ಗಾಳಿಯಾಡದಿದ್ದರೆ ನಾತ ಏಳುತ್ತದೆ. ಒಣ ಎಲೆಯಲ್ಲಿ ಸಾರಜನಕ ಕಡಿಮೆ. ತರಕಾರಿ ಸಿಪ್ಪೆ, ಸಗಣಿ ಬೆರೆಸಿದರೆ ಕೆಲಸ ಚುರುಕು. ಕೆಲವು ತಿಂಗಳಲ್ಲಿ ಮಳೆಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ.

ಬೆಂಕಿಯಿಟ್ಟರೆ ಎಲೆಯ ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗುತ್ತದೆ. ಹೊಗೆ ನೆರೆಮನೆಯ ಉಬ್ಬಸದ ಅಜ್ಜಿಯ ಎದೆ ಸೇರುತ್ತದೆ. ಎಲೆ ಕೊಳೆಸಲು ಪಾರ್ಕಿನ ಒಂದು ಮೂಲೆ ಸಾಕು; ಬಂದ ಗೊಬ್ಬರಕ್ಕೆ ಅದೇ ಹೊಂಗೆಯ ಬುಡ ಕಾದಿರುತ್ತದೆ.