ಹಾಲ್‌ನಲ್ಲಿ ಆರು ಮ್ಯಾಟ್‌ಗೆ ಜಾಗ ಕೊಡಿ

ನಮ್ಮ ಕಡೆ ಹೆಣ್ಣುಮಕ್ಕಳು ಕರಾಟೆಗೆ ಹೋಗೋದು ಈಗ ಹೊಸದೇನಲ್ಲ. ವಸಂತನರಸಾಪುರದ ಸುತ್ತಮುತ್ತ ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿ ಶಿಫ್ಟಿಗೆ ಹೋಗೋ ಮನೆ ಬೇಕಾದಷ್ಟು ಅವೆ. ಮಗಳು ಸಂಜೆ ಒಬ್ಬಳೇ ಇರ್ತಾಳೆ, ತುಮಕೂರಿಗೆ ಬಸ್ಸಲ್ಲಿ ಒಬ್ಬಳೇ ಓಡಾಡ್ತಾಳೆ, ಮೈಮೇಲೆ ಬಂದೋರನ್ನ ತಳ್ಳಿ ಓಡೋದಾದ್ರೂ ಕಲೀಲಿ ಅಂತ ಸೇರಿಸ್ತೀವಿ. ಇದೇ ಹೈವೇಲಿ ಸಿರಾ, ಹಿರಿಯೂರು ದಾಟಿದ್ರೆ ಚಿತ್ರದುರ್ಗ. ಕೈಗೆ ಸಿಕ್ಕ ಒನಕೇಲೇ ಕೋಟೆ ಕಾದ ಓಬವ್ವನ ಊರು. ಹಾಸ್ಟೆಲ್, ವಸತಿ ಶಾಲೆ ಹುಡುಗೀರಿಗೆ ಆತ್ಮರಕ್ಷಣೆ ಕಲಿಸೋ ಸರ್ಕಾರದ ಕಾರ್ಯಕ್ರಮಕ್ಕೂ ಆಕೆ ಹೆಸರೇ ಇಟ್ಟವ್ರೆ.

ಆದ್ರೆ ಕ್ಲಾಸು ಇರೋದು ವಾರಕ್ಕೆ ಎರಡೋ ಮೂರೋ ದಿನ. ಉಳಿದ ದಿನ ಮನೇಲೇ ಅಭ್ಯಾಸ ಮಾಡ್ಬೇಕು. ಎಲ್ಲಿ? ಯಾವ ನೆಲದ ಮೇಲೆ? ಬಿಳಿ ಬಟ್ಟೆಗೆ, ಬೆಲ್ಟಿಗೆ, ಪರೀಕ್ಷೆ ಫೀಸಿಗೆ ದುಡ್ಡು ಎತ್ತಿಡೋ ನಾವು ನೆಲದ ವಿಷಯ ಮಾತ್ರ ಮರ್ತೇಬಿಡ್ತೀವಿ. ನನ್ನ ಮಾತು ಇಷ್ಟೇ ಕಣ್ರಮ್ಮ: ದುಡ್ಡು ಸ್ವಲ್ಪವೇ ಇದ್ರೆ ಮೊದಲು ನೆಲಕ್ಕೆ ಹಾಕಿ. ಪಂಚಿಂಗ್ ಬ್ಯಾಗು, ಎರಡನೇ ಜೊತೆ ಬಟ್ಟೆ ಎಲ್ಲ ಆಮೇಲೆ. ಆ ನೆಲಾನೂ ಹಾಲ್‌ನಲ್ಲೇ ಇರಲಿ.

ಹಿಂದೆ ಮನೆಗಳಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ ಇತ್ತು, ಆಮೇಲೆ ಕೆಂಪು ಆಕ್ಸೈಡ್ ಬಂತು, ಈಗ ಎಲ್ಲಾ ಕಡೆ ಟೈಲ್ಸು. ಒರೆಸೋಕೆ ಟೈಲ್ಸಿನಷ್ಟು ಸಲೀಸು ಯಾವುದೂ ಇಲ್ಲ, ಒಪ್ತೀನಿ. ಆದ್ರೆ ಕೆಳಗೆ ಕಾಂಕ್ರೀಟು, ಮೇಲೆ ಟೈಲ್ಸು. ಮಗು ಜಿಗಿದು ಕಾಲೂರಿದಾಗ ನೆಲ ಒಂದಿಷ್ಟೂ ಬಗ್ಗಲ್ಲ. ಆ ಪೆಟ್ಟೆಲ್ಲ ಹಿಮ್ಮಡಿಗೆ, ಮಂಡಿಗೆ. ಮೇಲಿಂದ ಬೆವರು ಹನಿ ಬಿದ್ರೆ ಜಾರಿಕೆ. ಒಂಟಿ ಕಾಲಲ್ಲಿ ನಿಂತು ಒದೀವಾಗ ಜಾರಿದ್ರೆ ತಲೇನೇ ನೆಲಕ್ಕೆ.

ಕಾದಾಟ ಕಲಿಯೋಕೆ ನೆಲಾನ ಮೆದು ಮಾಡ್ಕೊಳ್ಳೋದು ಹೊಸದೇನಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಇವತ್ತಿಗೂ ಮಟ್ಟಿ ಅಂದ್ರೆ ದೇವರ ಸಮಾನ. ಕೆಮ್ಮಣ್ಣನ್ನ ಜರಡಿ ಹಿಡಿದು, ಅರಿಶಿನ, ಎಣ್ಣೆ ಕೂಡಿಸಿ, ಅಗೆದು ಮೆದು ಮಾಡಿ, ಕೈ ಮುಗಿದು ಕುಸ್ತಿಗೆ ಇಳೀತಾರೆ. ಜಪಾನಿನಲ್ಲಿ 1882ರಲ್ಲಿ ಜಿಗೊರೊ ಕಾನೊ ಜೂಡೊ ಶಾಲೆ ಶುರು ಮಾಡಿದ್ದು ಒಂದು ದೇವಸ್ಥಾನದ ಕೋಣೇಲಿ, ಬರೀ ಹನ್ನೆರಡು ಚಾಪೆ ಜಾಗದಲ್ಲಿ. ಅವು ಭತ್ತದ ಹುಲ್ಲಿನ ದಪ್ಪ ಚಾಪೆ, ತತಾಮಿ ಅಂತಾರೆ. ಮಣ್ಣಾಗಲಿ ಹುಲ್ಲಾಗಲಿ, ಎರಡೂ ಬಡವರ ಕೈಗೂ ಸಿಗೋ ಸಾಮಾನೇ. ಹಂಗಾಗಿ ಒಳ್ಳೆ ನೆಲ ಅಂದ್ರೆ ದುಬಾರಿ ನೆಲ ಅಂತ ಹೆದರೋದು ಬೇಡ.

ಈಗ ಮನೇಲಿ ಹೇಳೋ ಉಪಾಯಗಳನ್ನ ನೋಡಣ. ಅತ್ತೆ ಹೇಳ್ತಾರೆ, ಹಳೇ ಹಾಸಿಗೆ ಹಾಕಿಕೊಡು ಅಂತ. ಹಾಸಿಗೇಲಿ ಪಾದ ಹೂತುಕೊಳ್ತೈತೆ, ದೇಹ ತಿರುಗಿದ್ರೂ ಕಾಲು ತಿರುಗಲ್ಲ, ಮಂಡಿ ತಿರುಚಿಕೊಳ್ತೈತೆ. ಟೈಲ್ಸಿಗಿಂತ ಅದೇ ಅಪಾಯ. ಕಾರ್ಪೆಟ್ ಹಾಕಿದ್ರೆ ಅಂಗಾಲು ಉಜ್ಜಿ ಉರಿ, ಜೊತೆಗೆ ಧೂಳು. ತೆಂಗಿನ ಸೀಮೆಯೋರು ನಾವು, ನಾರಿನ ಮ್ಯಾಟ್ ಆಗಲ್ವಾ ಅಂತೀರಾ? ಬಾಗಿಲಲ್ಲಿ ಕಾಲಿನ ಮಣ್ಣು ಕೆರೆಯೋಕೆ ಅಂತ ಹಾಕೋ ಮ್ಯಾಟ್ ಅದು, ಬರಿಗಾಲಲ್ಲಿ ಅದರ ಮೇಲೆ ಅರ್ಧ ಗಂಟೆ ಕುಣಿದ್ರೆ ಪಾದ ಉಳಿಯುತ್ತಾ? ಯೋಗ ಮ್ಯಾಟ್ ತೆಳು, ಜಿಗಿದ್ರೆ ಜರುಗ್ತೈತೆ. ಜಿಮ್ಮಿನ ಕಪ್ಪು ರಬ್ಬರ್ ಟೈಲ್ ಭಾರ, ದುಬಾರಿ, ಬಿದ್ರೆ ಅದೂ ಗಟ್ಟಿನೇ. ಅದು ಇರೋದು ಕಬ್ಬಿಣ ಎತ್ತೋರಿಗೆ.

ನಮ್ಮಂಥ ಮನೆಗೆ ಸರಿಹೋಗೋದು ಒಂದಕ್ಕೊಂದು ಹಲ್ಲು ಕಚ್ಚಿಸಿ ಕೂರಿಸೋ ಇವಿಎ ಫೋಮ್ ಮ್ಯಾಟು. ಚಪ್ಪಲಿ ಅಟ್ಟೆಗೆ ಹಾಕ್ತಾರಲ್ಲ, ಅದೇ ಜಾತಿ ಫೋಮು. ಕರಾಟೆಗೆ 20ರಿಂದ 25 ಮಿಲಿಮೀಟರ್ ದಪ್ಪ ಸಾಕು. ಎತ್ತಿ ಹಾಕೋ ಜೂಡೊಗೆ 40 ಬೇಕು. 20ರದ್ದೇ ಎರಡು ಪದರ ಹಾಕಿದ್ರೆ 40 ಆಯ್ತಲ್ಲ ಅನ್ಬೇಡಿ, ಮೇಲಿನದು ಕೆಳಗಿನದರ ಮೇಲೆ ಜಾರ್ತೈತೆ. ಎತ್ತಿ ಹಾಕೋ ಪಟ್ಟುಗಳನ್ನ ಮನೇಲಿ ಮಾಡೋದೇ ಬೇಡ, ಅದು ಮೇಷ್ಟ್ರ ಮುಂದೆ.

ಎಷ್ಟು ಬೇಕು? ಒಂದು ಮೀಟರ್ ಚೌಕದ್ದು ಆರು. ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದ, ಅಂದ್ರೆ ಹತ್ತಿರ ಹತ್ತಿರ ಆರೂವರೆ ಅಡಿಗೆ ಹತ್ತಡಿ. ಒಂದು ಮಗು ನಾಲ್ಕು ಹೆಜ್ಜೆ ಮುಂದೆ ಹಿಂದೆ ಹೋಗೋಕೆ ಸಾಕು. ಎರಡಡಿ ಚೌಕದ ತುಂಡು ನೋಡೋಕೆ ಅಗ್ಗ, ಆದ್ರೆ ಅಷ್ಟೇ ಜಾಗಕ್ಕೆ ಅಂಥವು ಹದಿನಾರು ಬೇಕು. ಅಂಚು ಜಾಸ್ತಿ ಆದಷ್ಟೂ ಬಿಟ್ಟುಕೊಳ್ಳೋದೂ ಜಾಸ್ತಿ. ಅದಕ್ಕೆ ಒಂದಕ್ಕೆಷ್ಟು ಅಂತ ಕೇಳ್ಬೇಡಿ, ಒಟ್ಟು ಜಾಗಕ್ಕೆಷ್ಟು ಅಂತ ಲೆಕ್ಕ ಹಾಕಿ ಚೌಕಾಸಿ ಮಾಡಿ. ಒಂದೇ ಸಲ ಆಗದಿದ್ರೆ ಈ ತಿಂಗಳು ನಾಲ್ಕು, ಮುಂದಿನ ತಿಂಗಳು ಎರಡು. ಆದ್ರೆ ಅದೇ ಕಂಪನಿದು, ಅದೇ ಅಳತೆದು ತಗೋಬೇಕು, ಇಲ್ದಿದ್ರೆ ಹಲ್ಲು ಕೂಡಲ್ಲ.

ಅಂಗಡೀಲಿ ಬಣ್ಣ ನೋಡ್ಬೇಡಿ, ಹೆಬ್ಬೆಟ್ಟಲ್ಲಿ ಒತ್ತಿ ನೋಡಿ. ಬೆರಳು ತಳಕ್ಕೇ ಹೋದ್ರೆ ಆ ಮಾಲು ಬೇಡ. ಗಟ್ಟಿಯಾಗಿದ್ದು, ಬೆರಳು ತೆಗೆದ ಕೂಡ್ಲೆ ಮೇಲೆ ಬರ್ಬೇಕು. ಮೇಲ್ಮೈ ತರಿತರಿಯಾಗಿರಲಿ, ನುಣುಪಿದ್ರೆ ಬೆವರಿಗೆ ಜಾರ್ತೈತೆ. ಮೂಗಿಗೂ ಹಿಡೀರಿ. ಫೋಮ್ ಪಜಲ್ ಮ್ಯಾಟುಗಳಲ್ಲಿ ಫಾರ್ಮಮೈಡ್ ಅನ್ನೋ ರಾಸಾಯನಿಕ ಐತೆ ಅಂತ 2010ರಲ್ಲಿ ಬೆಲ್ಜಿಯಂ ದೇಶದಲ್ಲಿ ಅವುಗಳ ಮಾರಾಟಾನೇ ನಿಲ್ಲಿಸಿದ್ರು. ಘಾಟು ಜೋರಾಗಿದ್ರೆ ಬಿಟ್ಟುಬಿಡಿ. ತಂದದ್ದನ್ನೂ ನಾಲ್ಕು ದಿನ ಗಾಳಿಗೆ ಇಟ್ಟು ಆಮೇಲೆ ಹಾಸಿ. ಬಿಸಿಲಿಗೆ ಮಾತ್ರ ಬೇಡ, ಬಿಸಿಗೆ ಫೋಮು ಮುರುಟಿ ಅಳತೆ ಕೆಡ್ತೈತೆ.

ಇನ್ನು ನಮ್ಮ ಪಾಲಿನ ಕೆಲಸ. ಬಕೆಟ್ ನೀರಲ್ಲಿ ಮಾಪ್ ಅದ್ದಿ ಎಳೀಬೇಡಿ, ನೀರು ಸಂದೀಲಿ ಇಳಿದು ಅಡೀಲಿ ಬೂಷ್ಟು ಕಟ್ತೈತೆ. ಸ್ವಲ್ಪ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ವಾರಕ್ಕೊಮ್ಮೆ ಎಲ್ಲ ಎತ್ತಿ ಕೆಳಗೆ ಗುಡಿಸಿ, ನೆಲ ಒಣಗಿದ ಮೇಲೆ ಹಾಕ್ಬೇಕು. ಸೋಫಾ ಕಾಲು, ಟೀಪಾಯಿ ಕಾಲು ಅದರ ಮೇಲಿಟ್ರೆ ಗುಳಿ ಬೀಳ್ತೈತೆ. ಹಾಸೋದು, ಎತ್ತೋದು, ಗೋಡೆಗೆ ಒರಗಿಸೋದು ಕಲಿಯೋ ಮಗುವಿನ ಕೆಲಸ. ಗರಡೀಲಿ ಮಟ್ಟಿ ಅಗೆಯೋದೂ ಪೈಲ್ವಾನರೇ. ಇದನ್ನೂ ಅಮ್ಮನ ತಲೆಗೆ ಕಟ್ಟೋದು ಬೇಡ.

ಕೊನೇದಾಗಿ ಜಾಗದ ಮಾತು. ಹಾಲ್ ಚಿಕ್ಕದು, ತಾರಸಿ ಮೇಲೆ ಮಾಡ್ಕೊಳ್ಳಲಿ ಅನ್ನೋದು ಸುಲಭ. ತಾರಸಿ ಸಿಮೆಂಟು ಅಂಗಾಲು ಕೀಳ್ತೈತೆ, ಬೇಸಿಗೇಲಿ ಕಾಲಿಡೋಕಾಗಲ್ಲ. ಅದಕ್ಕಿಂತ ಹೆಚ್ಚಾಗಿ, ಎದುರು ಮನೆಯೋರು ನಿಂತು ನೋಡ್ತಾರೆ. ಹತ್ತು ವರ್ಷದ ಹುಡುಗಿಗೆ ಅದು ಲೆಕ್ಕಕ್ಕಿಲ್ಲ. ದೊಡ್ಡವಳಾದ ಮೇಲೆ ಮೇಲಕ್ಕೆ ಹೋಗೋದನ್ನೇ ನಿಲ್ಲಿಸ್ತಾಳೆ, ನಾವೂ "ಅವಳಿಗೇ ಇಷ್ಟ ಇಲ್ಲ" ಅಂತ ಸುಮ್ಮನಾಗ್ತೀವಿ. ಅವಳಿಗೆ ಕರಾಟೆ ಬೇಕಾಗೋದೇ ಆ ವಯಸ್ಸಿಂದ ಅನ್ನೋದು ಯಾರಿಗೂ ಹೊಳೆಯಲ್ಲ.

ಗಂಡುಹುಡುಗ ಹಾಲ್‌ನಲ್ಲಿ ಕ್ರಿಕೆಟ್ ಆಡಿ ಟ್ಯೂಬ್‌ಲೈಟ್ ಒಡೆದ್ರೂ ಒಂದು ಬೈಗಳಲ್ಲಿ ಮುಗೀತೈತೆ. ಮಗಳಿಗೆ ಅರ್ಧ ಗಂಟೆ ಸೋಫಾ ಗೋಡೆಗೆ ತಳ್ಳಿಕೊಡೋಕೆ ಏನು ಕಷ್ಟ? ಟಿವಿ ಧಾರಾವಾಹಿ ಅಷ್ಟೊತ್ತು ಕಾಯಲಿ. ನೆಂಟರು ಬಂದ್ರೆ ಅವರೂ ಆ ಮ್ಯಾಟ್ ಮೇಲೇ ಕೂತು ಕಾಫಿ ಕುಡೀಲಿ, ಚಾಪೆಗಿಂತ ಮೆತ್ತಗಿರ್ತೈತೆ.