ಹುಡುಗನ ಪಗಾರ ಎಷ್ಟದರಿ?

ಔರಾದ್ ತಾಲ್ಲೂಕಿನ ಚಿಂತಾಕಿ ಕಡೆ ಕನ್ಯಾ ನೋಡಲು ಹೋದವರಿಗೆ ಚಹಾ ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತದೆ: ‘ಹುಡುಗನ ಪಗಾರ ಎಷ್ಟದರಿ?’ ಹೊಲದ ಮಾತು ಆಮೇಲೆ. ಹಿಂದಿನ ತಲೆಮಾರಿನಲ್ಲಿ ಮೊದಲು ಕೇಳುತ್ತಿದ್ದದ್ದು ಹೊಲ, ಬಾವಿ, ಎತ್ತು. ನೌಕರಿ ಇದ್ದರೆ ಅದು ಮೇಲಿನ ಮಾತು.

ಸಭೆ ಸಮಾರಂಭಗಳಲ್ಲಿ ನಾವು ಹಿರಿಯರು ಹುಡುಗರಿಗೆ ಬುದ್ಧಿ ಹೇಳುವುದಿದೆ: ದುಡ್ಡಿನ ಬೆನ್ನು ಹತ್ತಿ ಹೈದರಾಬಾದ್, ಪುಣೆ, ಬೆಂಗಳೂರು ಅಂತ ಓಡಬೇಡಿ, ಊರಲ್ಲಿದ್ದು ಅಪ್ಪ ಅವ್ವನನ್ನು ನೋಡಿಕೊಂಡು ಸರಳ ಸಂಸಾರ ಮಾಡಿ. ಮಾತು ಕೇಳಲು ಚಂದ. ಆದರೆ ಈ ಮಾತು ನಂಬಿ ಊರಲ್ಲಿ ಉಳಿದವನಿಗೆ ಸಂಸಾರ ಹೂಡಲು ಹೆಣ್ಣು ಯಾರು ಕೊಡುತ್ತಾರೆ? ಬುದ್ಧಿ ಹೇಳಿದವರಂತೂ ಕೊಡುವುದಿಲ್ಲ. ಅವರ ಅಳಿಯಂದಿರು ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ, ಪುಣೆಯ ಹಿಂಜವಾಡಿಯಲ್ಲಿ ಇರುತ್ತಾರೆ.

ಇದು ಬೀದರ್ ಜಿಲ್ಲೆಯೊಂದರ ಕಥೆಯಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅವರಲ್ಲಿ ಬಹಳಷ್ಟು ಮಂದಿ ರೈತರು. ಟಿವಿಯವರು ಅದನ್ನು ತಮಾಷೆಯ ಸುದ್ದಿಯಂತೆ ತೋರಿಸಿದರು. ಕಾಲುವೆ ನೀರು, ಕಬ್ಬು, ಭತ್ತ ಇರುವ ನಾಡಿನ ಹುಡುಗರ ಪಾಡೇ ಹೀಗಾದರೆ ಮಳೆ ನಂಬಿ ಸೋಯಾ, ಉದ್ದು, ತೊಗರಿ ಬಿತ್ತುವ ಔರಾದಿನ ಹುಡುಗ ಯಾವ ಬೆಟ್ಟ ಹತ್ತಬೇಕು?

ಹೆಣ್ಣು ಹೆತ್ತವರನ್ನು ದುರಾಸೆಯವರು ಎಂದು ಬೈಯುವುದು ಸುಲಭ. ಅವರ ಲೆಕ್ಕವನ್ನೂ ಒಮ್ಮೆ ನೋಡಬೇಕು. 2024-25ರಲ್ಲಿ ಸೋಯಾಬೀನ್‌ಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ. ಮಳೆ ಸರಿಯಾಗಿ ಬಿದ್ದು, ಹುಳ ಬೀಳದೆ, ಎಕರೆಗೆ ಆರು ಕ್ವಿಂಟಲ್ ಬಂತು ಅಂತಲೇ ಹಿಡಿಯಿರಿ. ಪೂರ್ತಿ ಬೆಂಬಲ ಬೆಲೆ ಸಿಕ್ಕರೂ ಒಂದು ಎಕರೆಯ ಮುಂಗಾರು 29,352 ರೂಪಾಯಿ. ಬೀಜ, ಗೊಬ್ಬರ, ಔಷಧಿ, ಕೂಲಿ, ರಾಶಿ ಮಾಡುವ ಮಷಿನ್ನಿನ ಬಾಡಿಗೆ, ಎಲ್ಲವೂ ಇದರೊಳಗೇ ಕಳೆಯಬೇಕು. 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ ತಿಂಗಳಿಗೆ 27,000. ಒಂದು ಎಕರೆಯ ಒಂದು ಹಂಗಾಮು, ಒಬ್ಬ ಜವಾನನ ಒಂದು ತಿಂಗಳು. ಮಗಳ ತಂದೆ ಈ ಎರಡನ್ನೂ ತೂಗಿ ನೋಡುತ್ತಾನೆ. ಅವನೂ ರೈತನೇ, ಹೊಲದ ಸುಖ ಕಂಡವನೇ!

ಇನ್ನು ನಾವು ದೊಡ್ಡ ಪಗಾರ ಎಂದು ಕರೆಯುವುದು ಎಷ್ಟು ದೊಡ್ಡದು? ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಈಗ ತಾನೇ ಇಂಜಿನಿಯರಿಂಗ್ ಮುಗಿಸಿದವರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷಕ್ಕೂ ಹಿಂದೆ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ತಿಂಗಳಿಗೆ ಹಂಚಿದರೆ ಜವಾನನ ಮೂಲ ವೇತನದ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಪಿ.ಜಿ. ಬಾಡಿಗೆ, ಓಡಾಟ, ಊಟ ಕಳೆದು ಊರಿಗೆ ಎಷ್ಟು ಬಂದೀತು? ಆದರೂ ‘ಕಂಪನ್ಯಾಗ ಇದ್ದಾನ’ ಎಂಬ ಮಾತಿಗೆ ಬೆಲೆ ಬೇರೆ. ಅದೇ ಪಗಾರಕ್ಕೆ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ದುಡಿದು ಸಂಜೆಗೆ ಮನೆ ಸೇರುವ ಹುಡುಗನಿಗೆ ಆ ಮರ್ಯಾದೆ ಇಲ್ಲ.

ಹೊಲ, ಕಂಪನಿ ಇವೆರಡರ ನಡುವೆ ನಮ್ಮ ಭಾಗಕ್ಕೆ ಒಂದು ದಾರಿ ತೆರೆಯಿತು. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. ಸ್ಥಳೀಯರಿಗೆ ನೌಕರಿಯಲ್ಲಿ, ಓದಿನಲ್ಲಿ ಮೀಸಲು ಸಿಕ್ಕಿತು. ಮಾಸ್ತರಿಕೆ, ಗ್ರಾಮ ಲೆಕ್ಕಿಗನ ಕೆಲಸ, ಪೊಲೀಸ್ ನೌಕರಿ: ಪಗಾರವೂ ಉಂಟು, ಮನೆಯೂ ಹತ್ತಿರ. ಹಾಗಾಗಿಯೇ ನಮ್ಮ ಪದವೀಧರರು ಬೀದರ್, ಕಲಬುರಗಿ, ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಪುಸ್ತಕ ಹಿಡಿದು ಕೂತಿದ್ದಾರೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಕಲಬುರಗಿಯಲ್ಲಿ ಹಗರಣ ಹೊರಬಿತ್ತು, 2022ರ ಏಪ್ರಿಲಿನಲ್ಲಿ ಪಟ್ಟಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕೂ ಮೇಲೆ ಹಾಳು. ಊರ ಲೆಕ್ಕದಲ್ಲಿ ಅದು ಲಗ್ನದ ವಯಸ್ಸೇ ಸರಿದುಹೋದಂತೆ.

ಹುಡುಗಿಯರ ಮಾತು ಇನ್ನೂ ಬಿಗಿ. ಹೈದರಾಬಾದಿನಲ್ಲಿ ಕೆಲಸ ಹಿಡಿದ ಚಿಂತಾಕಿ ಕಡೆಯ ಹುಡುಗಿಗೆ ನೌಕರಿಯೋ ಸಂಸಾರವೋ ಎಂಬ ಪ್ರಶ್ನೆಯನ್ನು ಕೇಳಿ ಬಿಡುವುದಿಲ್ಲ, ಉತ್ತರವನ್ನೂ ಮನೆಯವರೇ ಬರೆದಿಟ್ಟಿರುತ್ತಾರೆ. ಗಂಡನ ಕೆಲಸ ಪುಣೆಯಲ್ಲಿದ್ದರೆ ಅವಳು ರಾಜೀನಾಮೆ ಕೊಡಬೇಕು. ಗಂಡು ಕೆಲಸ ಬಿಟ್ಟು ಮನೆಗೆ ಬಂದರೆ ತ್ಯಾಗ, ಹೆಣ್ಣು ಬಿಟ್ಟರೆ ಪದ್ಧತಿ. ಸರಳ ಸಂಸಾರ ಎಂದು ನಾವು ಹೊಗಳುವ ಸಂಸಾರದಲ್ಲಿ ವಯಸ್ಸಾದ ಅತ್ತೆಯ ಬಿಪಿ ಗುಳಿಗೆಯಿಂದ ಹಿಡಿದು ದನದ ಸಗಣಿವರೆಗೆ ಕೆಲಸ ಯಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಶರಣರ ಕಾಲದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಹೆಚ್ಚು ತಂದಾಗ, ನಮಗಿಷ್ಟು ಬೇಡ, ತೆಗೆದ ಜಾಗಕ್ಕೇ ಹಾಕಿ ಬನ್ನಿ ಎಂದು ವಾಪಸು ಕಳಿಸಿದಳು. ಸರಳ ಬದುಕಿನ ಉಪನ್ಯಾಸಕ್ಕೆ ನಮ್ಮವರು ತಪ್ಪದೆ ಎಳೆದು ತರುವ ಕಥೆ ಇದು. ಸಾಕು ಎಂದವಳು ಅಡುಗೆ ಮಾಡುವವಳೇ, ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು ಎಂಬ ಭಾಗವನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಹೆಂಡತಿಯನ್ನು ಕೇಳದೆ ಗಂಡ ಒಬ್ಬನೇ ತೀರ್ಮಾನಿಸಿದ ಸರಳತೆ ಅವಳ ಪಾಲಿಗೆ ಬರೀ ಬಡತನ.

ನಗರಕ್ಕೆ ಹೋಗುವ ಹುಡುಗರನ್ನು ತಡೆಯಬೇಕೆಂದು ನನಗೆ ಅನಿಸಿಲ್ಲ. ಹೋಗಲಿ. ಹೈದರಾಬಾದ್ ಬೀದರಿನಿಂದ ಸುಮಾರು 140 ಕಿಲೋಮೀಟರು, ಶನಿವಾರ ಬಂದು ಹೋಗಬಹುದು. ಬೆಂಗಳೂರಿಗಾದರೆ ಬೀದರಿಗೋ ಭಾಲ್ಕಿಗೋ ಬಂದು ರೈಲು ಹಿಡಿದು ಇಡೀ ರಾತ್ರಿ ಕೂರಬೇಕು, ಔರಾದಿಗೆ ಇನ್ನೂ ರೈಲಿಲ್ಲ. ಆದರೆ ಉಳಿದವನನ್ನು ಸೋತವನಂತೆ ನೋಡುವುದನ್ನು ಬಿಡಬೇಕು. ಅದು ಸರ್ಕಾರದ ಕೈಯಲ್ಲಿಲ್ಲ, ಕನ್ಯಾ ತೋರಿಸುವ ಪಡಸಾಲೆಯಲ್ಲಿದೆ.

ಔರಾದ್, ಭಾಲ್ಕಿ ಕಡೆಯ ಹೆಣ್ಣು ಹೆತ್ತವರಲ್ಲಿ ಒಂದು ಬಿನ್ನಹ. ಪಗಾರ ಕೇಳಿ, ಕೇಳಲೇಬೇಕು. ಜೊತೆಗೆ ಹುಡುಗನಿಗೆ ಸಾಲ ಎಷ್ಟಿದೆ, ಕುಡಿಯುತ್ತಾನೆಯೇ, ನಿಮ್ಮ ಮಗಳ ನೌಕರಿ ಮುಂದುವರಿಸಲು ಬಿಡುತ್ತಾನೆಯೇ ಎಂದೂ ಕೇಳಿ. ಅದಕ್ಕೂ ಮೊದಲು, ಎಷ್ಟಿದ್ದರೆ ಸಾಕು ಎಂದು ನಿಮ್ಮ ಮಗಳನ್ನೇ ಕೇಳಿ.