‘ನಮ್ಮ ಹಾಲು’ ದೆಹಲಿಗೆ ಹೋದಾಗ

ಕಳೆದ ಸೆಮಿಸ್ಟರ್‌ನಲ್ಲಿ ಅಂತರ ಕಾಲೇಜು ಉತ್ಸವದ ಜಾಹೀರಾತು ಸ್ಪರ್ಧೆಗೆ ಹೋಗಿದ್ದೆವು. ದೆಹಲಿಯಲ್ಲಿ ನಂದಿನಿ ಹಾಲಿನ ಪ್ರಚಾರ ಹೇಗಿರಬೇಕು ಎಂಬುದು ನಮಗೆ ಕೊಟ್ಟ ವಿಷಯ. ‘ನಮ್ಮ ಹಾಲು, ನಮ್ಮ ಹೆಮ್ಮೆ’ ಎಂಬ ಘೋಷವಾಕ್ಯ ಹತ್ತೇ ನಿಮಿಷದಲ್ಲಿ ಹೊಳೆಯಿತು, ಪೋಸ್ಟರೂ ಸಿದ್ಧವಾಯಿತು. ತೀರ್ಪುಗಾರರು ಒಂದೇ ಪ್ರಶ್ನೆ ಕೇಳಿದರು: ‘ದೆಹಲಿಯವರಿಗೆ ಇದು ಹೇಗೆ ನಮ್ಮ ಹಾಲಾಗುತ್ತದೆ?’ ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಸೋತ ಮೇಲೆ ಕುಳಿತು ಓದಿದೆ. (ಮೊದಲೇ ಓದಬೇಕಿತ್ತು, ಬಿಡಿ.)

2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಗೆ ತಿಂಗಳಷ್ಟೇ ಇರುವಾಗ, ಬೆಂಗಳೂರಿಗೆ ತಾಜಾ ಹಾಲು, ಮೊಸರು ತರುತ್ತೇವೆ ಎಂದು ಅಮುಲ್ ಟ್ವೀಟ್ ಮಾಡಿತು. ‘ನಂದಿನಿ ಉಳಿಸಿ’ ಎಂಬ ಕೂಗೆದ್ದಿತು. ನಗರದ ಹೋಟೆಲ್ ಮಾಲೀಕರ ಸಂಘವೂ ನಂದಿನಿಯ ಬೆನ್ನಿಗೆ ನಿಂತಿತು. ಅಮುಲ್ ಮತ್ತು ಕೆಎಂಎಫ್ ಒಟ್ಟಾಗಿ ಕೆಲಸ ಮಾಡಬೇಕೆಂದು 2022ರ ಡಿಸೆಂಬರ್‌ನಲ್ಲಿ ಅಮಿತ್ ಶಾ ಮಂಡ್ಯದಲ್ಲಿ ಹೇಳಿದ್ದರಿಂದ ವಿಲೀನದ ಅನುಮಾನ ಆಗಲೇ ಹಬ್ಬಿತ್ತು. ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಮುದ್ರಿಸುವ ಸೂಚನೆ ವಿರೋಧಕ್ಕೆ ಮಣಿದು ಸಡಿಲಗೊಂಡು ಒಂದು ವಾರವೂ ಆಗಿರಲಿಲ್ಲ. ಇದನ್ನೆಲ್ಲ ಗಮನಿಸಿದ್ದವರು ಆ ಟ್ವೀಟನ್ನು ಆ ವಾರ ಹಾಕುತ್ತಿರಲಿಲ್ಲ.

ಗಲಾಟೆಯಲ್ಲಿ ನಾವೂ ಕೆಲವನ್ನು ಮರೆತೆವು. ಅಮುಲ್ ಖಾಸಗಿ ಕಂಪನಿಯಲ್ಲ, ಗುಜರಾತಿನ ಹೈನುಗಾರರ ಸಹಕಾರ ಒಕ್ಕೂಟದ್ದು. ನಂದಿನಿಯೂ ಅದೇ ಮಾದರಿಯಲ್ಲಿ ಬೆಳೆದದ್ದು. ಹಾಗಾಗಿ ‘ರೈತರ ಹಾಲು’ ಎಂದು ಇಬ್ಬರೂ ಹೇಳಿಕೊಳ್ಳಬಹುದು, ಅದರಿಂದ ವ್ಯತ್ಯಾಸ ಕಾಣುವುದಿಲ್ಲ. ನಿಜವಾದ ವ್ಯತ್ಯಾಸ ಬೆಲೆಯಲ್ಲಿತ್ತು. ಆಗ ನಂದಿನಿಯ ನೀಲಿ ಪ್ಯಾಕೆಟ್ ಲೀಟರಿಗೆ 39 ರೂಪಾಯಿ, ಅಮುಲ್ ಟೋನ್ಡ್ ಹಾಲು 54ರ ಆಸುಪಾಸು. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಸರ್ಕಾರವೇ ರೈತರಿಗೆ ಕೊಡುವುದು ಇದಕ್ಕೊಂದು ಕಾರಣ. ಆದರೆ 2023ರ ಆಗಸ್ಟ್‌ನಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ‘ಅಗ್ಗ’ ಎಂಬ ಒಂದೇ ಪದದ ಮೇಲೆ ಪ್ರಚಾರ ಕಟ್ಟಿದರೆ ಅದು ಎಷ್ಟು ದಿನ ಬಾಳುತ್ತದೆ?

ನನಗೆ ಕಣ್ಣು ತೆರೆಸಿದ್ದು ಕೇರಳ. ಅದೇ ವರ್ಷ ನಂದಿನಿ ಅಲ್ಲಿ ಮಳಿಗೆ ತೆರೆದಾಗ ಮಿಲ್ಮಾ ತಕರಾರು ತೆಗೆಯಿತು. ನಾವು ಅಮುಲ್‌ಗೆ ಹೇಳಿದ್ದನ್ನೇ ಅವರು ನಮಗೆ ಹೇಳಿದರು! ನಾಡಿನ ಅಭಿಮಾನ ಗಡಿ ದಾಟುವುದಿಲ್ಲ. ಸಂಭಾವನೆ ಪಡೆಯದೆ ರಾಯಭಾರಿಗಳಾಗಿದ್ದ ಡಾ. ರಾಜ್‌ಕುಮಾರ್, ಪುನೀತ್ ಅವರ ಮುಖ ಇಲ್ಲಿ ಮಾಡುವ ಕೆಲಸವನ್ನು ದೆಹಲಿಯ ಗಲ್ಲಿಯಲ್ಲಿ ಮಾಡಲಾರದು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಕಂಡಾಗ ನಾನೂ ನಕ್ಕಿದ್ದೆ. ಐದು ತಿಂಗಳ ನಂತರ, ನವೆಂಬರ್‌ನಲ್ಲಿ, ದೆಹಲಿಯ ಮಾರುಕಟ್ಟೆಗೆ ಇಳಿದಾಗ ಆ ಖರ್ಚಿಗೆ ಒಂದು ಅರ್ಥವಿರಬಹುದು ಅನ್ನಿಸಿತು.

ಅಲ್ಲಿ ಎದುರಾಳಿಗಳು ಅಮುಲ್ ಮತ್ತು ಮದರ್ ಡೇರಿ. ನಮ್ಮ ಹಾಲು ಮಂಡ್ಯದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಟ್ಯಾಂಕರ್‌ನಲ್ಲಿ ಹೋಗಬೇಕು. ನಮ್ಮ ಪೋಸ್ಟರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ‘ತಾಜಾ’ ಎಂದಿತ್ತು. ಎದುರಾಳಿಗೆ ನಾವೇ ಕೋಲು ಕೊಟ್ಟಂತೆ. ಮಾರ್ಕೆಟಿಂಗ್ ಕೆಲಸದ ಸಂದರ್ಶನಕ್ಕೆ ಹೋಗುವ ಗೆಳೆಯರು ಇಂಥ ಪ್ರಶ್ನೆಗೆ ಸಿದ್ಧರಿರುವುದು ಒಳ್ಳೆಯದು.

ಮೊನ್ನೆ ದೆಹಲಿಯಲ್ಲಿ ಓದುತ್ತಿರುವ ನಮ್ಮ ಸೀನಿಯರ್ ಅಕ್ಕನಿಗೆ ಫೋನ್ ಮಾಡಿ, ‘ನಿಮ್ಮ ಪಿಜಿಯಲ್ಲಿ ಚಹಾಕ್ಕೆ ಯಾವ ಹಾಲು?’ ಎಂದು ಕೇಳಿದೆ. ‘ಬೆಳಿಗ್ಗೆ ಕೆಳಗಿನ ಅಂಗಡಿಯಲ್ಲಿ ಯಾವುದು ಸಿಗುತ್ತೋ ಅದು ಕಣೋ’ ಅಂದರು. ಹಾಲು ಎಲ್ಲಿ ಸಿಗುತ್ತದೆ ಎಂಬ ಸಾಲೇ ನಮ್ಮ ಪೋಸ್ಟರ್‌ನಲ್ಲಿ ಇರಲಿಲ್ಲ.